ಅಪು ಚಿತ್ರತ್ರಯದಲ್ಲಿ ರೈಲನ್ನು ಗಮನಿಸುವ ಬಗೆ

ಸಿನಿಮಾದಲ್ಲಿ ರೈಲು ಕಂಡೊಡನೆ ಅದನ್ನು ಆಧುನಿಕತೆಯ ಸಂಕೇತವೆಂದು ಬರೆದು ಮುಂದೆ ಸಾಗುವುದು ಸುಲಭ. ಆದರೆ ಅಷ್ಟಕ್ಕೇ ನಿಂತರೆ ರೈಲು ಆ ಚಿತ್ರದಲ್ಲಿ ನಿಜವಾಗಿ ಮಾಡುವ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಅಭ್ಯಾಸ ಮಾಡಲು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955), ‘ಅಪರಾಜಿತೋ’ (1956) ಮತ್ತು ‘ಅಪುರ್ ಸಂಸಾರ್’ (1959) ಚಿತ್ರಗಳಿಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಅಪು ಎಂಬ ಬಂಗಾಳಿ ಹುಡುಗ ಬೆಳೆದು ತಂದೆಯಾಗುವವರೆಗಿನ ಕಥೆ ಹೇಳುವ ಇವನ್ನು ಇದೇ ಕ್ರಮದಲ್ಲಿ ನೋಡಬೇಕು. ರೈಲಿನ ಅರ್ಥ ಒಂದು ಚಿತ್ರದಿಂದ ಇನ್ನೊಂದಕ್ಕೆ ಬೆಳೆಯುತ್ತಾ ಹೋಗುತ್ತದೆ.

ಮೊದಲು ಕಿವಿಯಿಂದ ಆರಂಭಿಸಿ. ‘ಪಥೇರ್ ಪಾಂಚಾಲಿ’ಯಲ್ಲಿ ರೈಲು ಕಾಣುವುದಕ್ಕೆ ಬಹಳ ಮೊದಲೇ ರಾತ್ರಿಯ ಹೊತ್ತಿನಲ್ಲಿ ಅದರ ದೂರದ ಕೂಗು ಅಪುವಿನ ಮನೆಯೊಳಗೆ ಕೇಳಿಸುತ್ತದೆ, ಅವನು ಅಕ್ಕ ದುರ್ಗಾಳನ್ನು ಅದರ ಬಗ್ಗೆ ವಿಚಾರಿಸುತ್ತಾನೆ. ಹೀಗೆ ಕೇಳಿಸಿಯೂ ಕಾಣದಿರುವ ರೈಲನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ.

ಬಳಿಕ ಕ್ಯಾಮೆರಾ ಹಳಿಯ ಯಾವ ಬದಿಯಲ್ಲಿ ನಿಂತಿದೆ ಎಂಬುದನ್ನು ನೋಡಿ. ಬಿಳಿ ಹೂ ಬಿಡುವ ಎತ್ತರದ ಕಾಶ್ ಹುಲ್ಲಿನ ಬಯಲಿನ ಪ್ರಸಿದ್ಧ ದೃಶ್ಯದಲ್ಲಿ ಮಕ್ಕಳು ತಂತಿ ಕಂಬಗಳ ಗುಂಯ್‌ಗುಡುವಿಕೆಗೆ ಕಿವಿಗೊಡುತ್ತಾರೆ; ರೈಲು ಬಂದಾಗ ಇಬ್ಬರೂ ಓಡುತ್ತಾರೆ, ಆದರೆ ದುರ್ಗಾ ಎಡವಿ ಬೀಳುವುದರಿಂದ ಹಳಿಯವರೆಗೆ ತಲುಪುವವನು ಅಪು ಒಬ್ಬನೇ. ಆಗ ಕ್ಯಾಮೆರಾ ಹಳಿಯ ಆಚೆ ಬದಿಗೆ ಹೋಗಿ, ಉರುಳುವ ಚಕ್ರಗಳ ನಡುವಿನಿಂದ ಹುಡುಗನನ್ನು ತೋರಿಸುತ್ತದೆ. ಈ ಒಂದು ಆಯ್ಕೆಯಿಂದ ರೈಲು ಬರಿಯ ನೋಟವಾಗಿ ಉಳಿಯದೆ, ಹುಡುಗನಿಗೂ ನಮಗೂ ನಡುವೆ ಅಡ್ಡ ಬರುವ ವಸ್ತುವಾಗುತ್ತದೆ. ಈ ಭಾಗವನ್ನು ಒಮ್ಮೆ ಧ್ವನಿಯಿಲ್ಲದೆ, ಇನ್ನೊಮ್ಮೆ ಕಣ್ಣು ಮುಚ್ಚಿ ಧ್ವನಿ ಮಾತ್ರ ಕೇಳಿ ಪರಿಶೀಲಿಸುವುದು ಸಾರ್ಥಕ. (1952ರ ಅಕ್ಟೋಬರ್‌ನಲ್ಲಿ ಇದರ ಚಿತ್ರೀಕರಣ ಶುರುವಾದ ಮೇಲೆ ದನಗಳು ಆ ಹೂಗಳನ್ನು ಮೇಯ್ದುಬಿಟ್ಟಿದ್ದರಿಂದ ತಂಡವು ಮುಂದಿನ ಹೂಬಿಡುವ ಕಾಲದವರೆಗೆ ಕಾಯಬೇಕಾಯಿತು.) ಕಾಯಿಲೆ ಬಿದ್ದ ದುರ್ಗಾ, ತಾನು ಗುಣವಾದ ಮೇಲೆ ಮತ್ತೆ ರೈಲು ನೋಡಲು ಹೋಗೋಣವೆಂದು ತಮ್ಮನಿಗೆ ಹೇಳುವುದನ್ನೂ ಇದರ ಜೊತೆಗಿಟ್ಟು ಓದಬೇಕು.

‘ಅಪರಾಜಿತೋ’ಗೆ ಬಂದಾಗ, ರೈಲಿನೊಳಗೆ ಯಾರಿದ್ದಾರೆ, ಹೊರಗೆ ಯಾರು ಉಳಿದಿದ್ದಾರೆ ಎಂದು ಕೇಳಿ. ಕಾಶಿಯಿಂದ ಬಂಗಾಳಕ್ಕೆ ಮರಳುವಾಗ ಕಿಟಕಿಯಾಚೆಯ ನೆಲ ಹಸಿರಾಗುತ್ತಿದ್ದಂತೆ ಮೊದಲ ಚಿತ್ರದ ರಾಗ ಮತ್ತೆ ಕೇಳಿಬರುತ್ತದೆ. ತಾಯಿ ಮಗ ಇಬ್ಬರೂ ಆಗ ಒಳಗಿದ್ದಾರೆ. ಮುಂದೆ ಅಪು ಓದಲು ಕಲ್ಕತ್ತೆಗೆ ಹೋದ ಮೇಲೆ, ದೂರದಲ್ಲಿ ಸಾಗುವ ರೈಲನ್ನು ತಾಯಿ ಸರ್ಬಜಯಾ ಒಬ್ಬಳೇ ನೋಡುತ್ತಾಳೆ. ಮಗನಿಗೆ ದಾರಿ ತೆರೆದ ರೈಲೇ ತಾಯಿಗೆ ಕಾಯುವಿಕೆಯಾಗಿದೆ. ಅರ್ಥ ರೈಲಿನಲ್ಲಿಲ್ಲ, ನೋಡುವವರು ನಿಂತ ಜಾಗದಲ್ಲಿದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

‘ಅಪುರ್ ಸಂಸಾರ್’ನಲ್ಲಿ ಅಪುವಿನ ಬಾಡಿಗೆ ಕೋಣೆ ಹಳಿಗಳ ಪಕ್ಕದಲ್ಲೇ ಇದೆ. ಬಾಲ್ಯದಲ್ಲಿ ಓಡಿಹೋಗಿ ನೋಡಿದ್ದ ರೈಲು ಈಗ ದಿನನಿತ್ಯದ ಹೊಗೆ ಮತ್ತು ಕರ್ಕಶ ಸದ್ದು; ಅವನ ಹೆಂಡತಿ ಅಪರ್ಣಾ ಕಿವಿ ಮುಚ್ಚಿಕೊಳ್ಳುತ್ತಾಳೆ. ಹೆರಿಗೆಗೆ ಅವಳು ತವರಿಗೆ ಹೊರಡುವುದು ರೈಲಿನಲ್ಲಿ, ಅವಳ ಸಾವಿನ ನಂತರ ಅಪು ಸಾಯಲು ನಿಲ್ಲುವುದು ಹಳಿಯ ಬಳಿ, ಮಗ ಕಾಜಲ್‌ಗೆ ಅವನು ತರುವುದು ಆಟಿಕೆ ರೈಲು, ಮಗು ಅದನ್ನು ಎಸೆದುಬಿಡುತ್ತದೆ. ಪ್ರತಿಯೊಂದನ್ನೂ ಹಿಂದಿನ ಟಿಪ್ಪಣಿಗಳ ಪಕ್ಕದಲ್ಲಿಟ್ಟು ಹೋಲಿಸಿ.

ಯಾರಿಗೆ ಕೇಳಿಸಿತು, ಕ್ಯಾಮೆರಾ ಎಲ್ಲಿತ್ತು, ಯಾರು ಹೊರಗುಳಿದರು ಎಂಬ ಇವೇ ಪ್ರಶ್ನೆಗಳೊಂದಿಗೆ ಬಳಿಕ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರ ‘ಬ್ರೀಫ್ ಎನ್‌ಕೌಂಟರ್’ (1945) ನೋಡಬಹುದು. ಅಲ್ಲಿ ನಿಲ್ಲದೆ ಹಾದುಹೋಗುವ ಎಕ್ಸ್‌ಪ್ರೆಸ್ ರೈಲುಗಳ ಮೇಲೆ ವಿಶೇಷ ಗಮನವಿಡಿ.