ಕೃಷಿ ಹೊಂಡದ ಸಹಾಯಧನ: ನಾನು ತೆಗೆದುಕೊಂಡ ಬಗೆ

ಚಳ್ಳಕೆರೆ ಕಡೆಯ ಕೆಂಪು ಮಣ್ಣಿನಲ್ಲಿ ಶೇಂಗಾ ಬೆಳೆಯುವವರಿಗೆ ಒಟ್ಟು ಮಳೆ ಎಷ್ಟಾಯಿತು ಎನ್ನುವುದಕ್ಕಿಂತ ಯಾವಾಗ ಕೈಕೊಟ್ಟಿತು ಎನ್ನುವುದೇ ದೊಡ್ಡದು. ಕಾಯಿ ಕಟ್ಟುವ ಹೊತ್ತಿಗೆ ಎರಡು ವಾರ ಮಳೆ ಹೋದರೆ ಕಿತ್ತಾಗ ಸಿಗುವುದು ಬರೀ ಜೊಳ್ಳು. ಆ ಒಂದು ನೀರಿಗಾಗಿಯೇ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ತೆಗೆಸಿದೆ. 2014-15ರಲ್ಲಿ ಶುರುವಾಗಿ, ನಡುವೆ ನಿಂತು, 2023-24ರಲ್ಲಿ ಮತ್ತೆ ಬಂದ ಯೋಜನೆ ಇದು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ.

ಅರ್ಜಿ ಹಾಕುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಅದಕ್ಕೂ ಮೊದಲು ಪಹಣಿ ನೋಡಿಕೊಳ್ಳಿ. ನಮ್ಮದು ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ಪೌತಿ ಖಾತೆ ಮಾಡಿಸಿ ನನ್ನ ಹೆಸರಿಗೆ ತಂದು, ಆ ಸರ್ವೆ ನಂಬರನ್ನು ನನ್ನ ರೈತ ನೋಂದಣಿ ಸಂಖ್ಯೆಯಾದ ಎಫ್‌ಐಡಿಗೆ ಸೇರಿಸಿದ ಮೇಲೆ ಅರ್ಜಿ ಕೊಟ್ಟೆ. ಬ್ಯಾಂಕಿನದೂ ಅಷ್ಟೇ ಮುಖ್ಯ: ನೇರ ಪಾವತಿ ಹೋಗುವುದು ಆಧಾರ್‌ಗೆ ಜೋಡಣೆಯಾದ ಖಾತೆಗೆ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಜೋಡಿಸಿದ್ದೀರೋ ಅಲ್ಲಿಗೆ. ಪಾಸ್‌ಬುಕ್ ಯಾವುದು ಕೊಟ್ಟರೂ ಅದು ಬದಲಾಗುವುದಿಲ್ಲ.

ಅಳತೆ ಆರಿಸುವಾಗ ಹೆಚ್ಚಿನವರ ಕಣ್ಣು 21 ಮೀಟರಿನ ದೊಡ್ಡ ಹೊಂಡದ ಮೇಲೆ, ಅದಕ್ಕೆ ಸಹಾಯಧನವೂ ಹೆಚ್ಚು. ನಾನು 15×15×3 ಮೀಟರಿನದೇ ಸಾಕು ಎಂದೆ. ಲೆಕ್ಕ ಹೀಗಿದೆ: ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್. ನನ್ನ ಹೊಂಡದ ಕಡೆಗೆ ಇಳಿಜಾರಿರುವುದು 4 ಎಕರೆ. 30 ಮಿಲಿಮೀಟರ್ ಬಿರುಮಳೆಯಲ್ಲಿ ಕಾಲು ಭಾಗ ಹರಿದರೂ ಬರುವುದು 1.2 ಲಕ್ಷ ಲೀಟರ್. ಬದಿಗಳು ಇಳಿಜಾರಾದ್ದರಿಂದ ನನ್ನ ಹೊಂಡ ಹಿಡಿಯುವುದು 4.4 ಲಕ್ಷ ಲೀಟರ್, ಅಂಥ ನಾಲ್ಕು ಮಳೆಗೆ ಅದು ತುಂಬುತ್ತದೆ. 21 ಮೀಟರಿನದಕ್ಕೆ ಎಂಟು ಬೇಕು. ನಮ್ಮ ಸೀಮೆಯಲ್ಲಿ ಎಂಟು ಬಿರುಮಳೆ ಯಾವ ವರ್ಷ ಬಂದಾವು? ಮೇಲಾಗಿ ಅದು ನಾಲ್ಕು ಗುಂಟೆಗೂ ಹೆಚ್ಚು ನೆಲ ತಿನ್ನುತ್ತದೆ, ಮಣ್ಣಿನ ದಿಬ್ಬ ಬೇರೆ. ಎರಡು ಎಕರೆಗೆ ಸ್ಪ್ರಿಂಕ್ಲರ್‌ನಲ್ಲಿ ಒಂದಿಂಚು ನೀರು ಕೊಡಲು 2 ಲಕ್ಷ ಲೀಟರ್ ಸಾಕು.

ಜಾಗವನ್ನು ಮಳೆ ಸುರಿಯುವಾಗಲೇ ಹೋಗಿ ನೋಡಿದ್ದೆ. ನೀರು ಬದುವಿನ ಮೂಲೆಗೆ ಬಂದು ತಿರುಗುವ ಕಡೆ ಗೂಟ ಹೊಡೆದೆ. ಒಳಹರಿವಿನ ಬಾಯಿಗೆ ಚಿಕ್ಕ ಹೂಳುಗುಂಡಿ ತೆಗೆದು ಕಲ್ಲು ಜೋಡಿಸಿದೆ. ಕೆಂಪು ನೀರು ಅಲ್ಲಿ ಒಮ್ಮೆ ನಿಂತು, ಮರಳು ಇಳಿಸಿ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಷ್ಟನ್ನು ಗೋರಿದರೆ ಆಯಿತು, ಹೊಂಡದೊಳಗೆ ಹಾಸಿದ ಪಾಲಿಥಿನ್ ಹೊದಿಕೆಯ ಮೇಲೆ ಸಲಿಕೆ ಆಡಿಸುವ ಪ್ರಮೇಯವಿಲ್ಲ.

ಅಗೆತದ ದುಡ್ಡು ಬರುವುದು ಕೆಲಸ ಮುಗಿದು, ಅಳತೆಯಾಗಿ, ಸ್ಥಳದ ಫೋಟೊ ಏರಿದ ಮೇಲೆ. ಅದೂ ಇಲಾಖೆಯ ದರದಂತೆ, ಜೆಸಿಬಿಯವರ ಬಿಲ್ಲಿನಂತಲ್ಲ. ಕೈಯಲ್ಲಿ ಹಣ ಇಟ್ಟುಕೊಂಡೇ ಇಳಿಯಬೇಕು. ಬಡ್ಡಿಗೆ ತಂದು ತೆಗೆಸಿದರೆ ಸಹಾಯಧನದ ಒಂದು ಪಾಲು ಬಡ್ಡಿಗೇ ಹೋಗುತ್ತದೆ.

ತಂತಿ ಬೇಲಿಗೆ ಮಾತ್ರ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಶೇ 50. ಇದು ನನಗೆ ಒಪ್ಪಿಗೆಯಿಲ್ಲ. ನೆನೆದ ಪಾಲಿಥಿನ್ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಈಜು ಬಲ್ಲವರೂ ಹತ್ತಿ ಬರಲಾರರು. ಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ ಕೇಳುತ್ತಲೇ ಇದ್ದೇವೆ. ಬೇಲಿಗೆ ಪೂರ್ತಿ ಹಣ ಕೊಡಬೇಕು, ಬೇಲಿ ಎದ್ದ ಮೇಲೆಯೇ ಹೊಂಡದ ಕೊನೆಯ ಕಂತು ಬಿಡಬೇಕು. ಬೇಲಿಯ ಜೊತೆಗೆ ನಾನು ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟು, ಮೇಲೆ ಕಲ್ಲುಗೂಟಕ್ಕೆ ಬಿಗಿದಿದ್ದೇನೆ. ನೀವು ತೆಗೆಸುವುದಾದರೆ, ಹೊದಿಕೆ ಹಾಸಿದ ದಿನವೇ ಹಗ್ಗ ಕಟ್ಟಿ.