ಬಚ್ಚಲೊಲೆಯ ಬೂದಿ, ಅಂಗಳದ ದರಗು

ಗಿಡದ ಬುಡಕ್ಕೆ ದರಗು (ಉದುರಿದ ಒಣ ಎಲೆ), ಕರಡ (ಬೆಟ್ಟದ ಒಣ ಹುಲ್ಲು), ಅಡಿಕೆ ಸಿಪ್ಪೆ ಹೊದಿಸಿದರೆ ಬೇಸಿಗೆಯಲ್ಲೂ ತೇವ ನಿಲ್ಲುತ್ತದೆ, ಕಳೆ ಏಳುವುದಿಲ್ಲ. ಅದೇ ಹೊದಿಕೆ ಗೋಡೆಯವರೆಗೂ ಹಬ್ಬಿದ್ದರೆ ಜನವರಿಯಿಂದ ಮೊದಲ ಮಳೆಯವರೆಗೆ ಬೆಂಕಿಗೆ ಹಾಸಿಕೊಟ್ಟ ದಾರಿ. ಶಿರಸಿ ಸೀಮೆಯ ನಮ್ಮ ಹಂಚಿನ ಮನೆಯ ಸುತ್ತ ಇದಕ್ಕೆ ಏನು ಮಾಡಿಕೊಂಡಿದ್ದೇವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಾಡ್ಗಿಚ್ಚಿಗೆ ಹೆದರುವವರೇ ಬೆಳಗಾಗುತ್ತಲೇ ಬಚ್ಚಲೊಲೆಯ ಬೂದಿ ಬಾಚಿ ಬಸಳೆ ಚಪ್ಪರದ ಬುಡಕ್ಕೆ ಸುರಿಯುತ್ತಾರೆ. ದಪ್ಪ ಕಟ್ಟಿಗೆಯ ಕೆಂಡ ಬೂದಿಯೊಳಗೆ ಒಂದೆರಡು ದಿನವಾದರೂ ಆರದೆ ಕೂತಿರುತ್ತದೆ. ಮೇಲೆ ಕೈಯಿಟ್ಟರೆ ತಣ್ಣಗೆ. ಬಿಸಿಲೇರಿ ಗಾಳಿ ಎದ್ದ ಮೇಲೆ ಕೆಳಗಿನ ದರಗು ಹೊಗೆಯಾಡಲು ಶುರು. ಅದಕ್ಕೆ ನಾವು ಮುಚ್ಚಳವಿರುವ ಎರಡು ತಗಡಿನ ಡಬ್ಬ ಇಟ್ಟಿದ್ದೇವೆ, ಕಲ್ಲು ಚಪ್ಪಡಿಯ ಮೇಲೆ. ಒಂದು ತುಂಬಿದರೆ ಅದನ್ನು ನಾಲ್ಕು ದಿನ ಮುಟ್ಟುವುದಿಲ್ಲ, ಅಷ್ಟರಲ್ಲಿ ಇನ್ನೊಂದು ತುಂಬುತ್ತಿರುತ್ತದೆ. ನೀರು ಹೊಯ್ದು ಆರಿಸಬಹುದು, ಆದರೆ ಆ ನೀರು ಚೆಲ್ಲಿದರೆ ಗಿಡಕ್ಕೆ ಬೇಕಾದ ಪೊಟ್ಯಾಶ್ ಅದರ ಜೊತೆಗೇ ಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್ ಮಾತ್ರ ಬೇಡವೇ ಬೇಡ.

ಗೋಡೆಯಿಂದ ಐದು ಅಡಿಯವರೆಗೆ ಉರಿಯುವಂಥದ್ದು ಏನೂ ಇರಕೂಡದು. ಕಾಡ್ಗಿಚ್ಚಿನ ಕಾಟವಿರುವ ಕ್ಯಾಲಿಫೋರ್ನಿಯಾದಲ್ಲೂ ಮನೆ ಸುತ್ತ ಖಾಲಿ ಬಿಡಬೇಕೆನ್ನುವುದು ಇಷ್ಟೇ ಅಗಲ. ಮೇಲ್ಮಣ್ಣು ಕೆರೆದು, ಕೆಂಪುಮಣ್ಣು ಹಾಕಿ ದಮ್ಮಸು ಮಾಡಿ, ಅದರ ಮೇಲೆ 20 ಮಿ.ಮೀ. ಜಲ್ಲಿಯನ್ನು ಮೂರು ಇಂಚು ಹರಡಿದೆವು. ನೂರು ಅಡಿ ಉದ್ದಕ್ಕೆ ಸುಮಾರು 125 ಘನ ಅಡಿ ಜಲ್ಲಿ ಬೇಕು. ಕಳೆ ಬರಬಾರದೆಂದು ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ದಮ್ಮಸು ಗಟ್ಟಿಯಾಗಿದ್ದರೆ ಅದು ಬೇಕಾಗುವುದಿಲ್ಲ. ಜಲ್ಲಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತು ಅಂತಲ್ಲ. ಮಾವು, ಹಲಸಿನ ಎಲೆ ಉದುರಿ ಜಲ್ಲಿಯ ಸಂದಿಯಲ್ಲಿ ಕೂತರೆ ಮತ್ತೆ ಅದೇ ದರಗು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಗುಡಿಸಲೇಬೇಕು, ಹಂಚಿನ ಸಂದಿಯನ್ನೂ ಸೇರಿಸಿ. ಹೊರಗಿಟ್ಟ ಗ್ಯಾಸ್ ಸಿಲಿಂಡರ್, ಪಂಪಿನ ಸ್ವಿಚ್ ಬೋರ್ಡ್ ಇವುಗಳ ಕೆಳಗೂ ಬರಿ ನೆಲವೇ ಇರಲಿ. ಕಂಬದಿಂದ ಮನೆಗೆ ಬರುವ ತಂತಿಗೆ ತೆಂಗಿನ ಗರಿ ತಾಗುತ್ತಿದ್ದರೆ ಗಾಳಿಗೆ ಕಿಡಿ ಉದುರುತ್ತದೆ. ಅದನ್ನು ಕತ್ತರಿಸಲು ಲೈನ್‌ಮನ್‌ಗೇ ಹೇಳಬೇಕು.

ಐದು ಅಡಿಯ ಆಚೆ ಏನು ಹೊದಿಸುತ್ತೀರಿ ಎನ್ನುವುದರ ಮೇಲೆ ಅಪಾಯ ಬೇರೆ ಬೇರೆ. ಕರಡ, ಒಣಹುಲ್ಲು, ಸೋಗೆ ಭಗ್ಗನೆ ಹತ್ತಿ ಎತ್ತರಕ್ಕೆ ಉರಿಯುತ್ತವೆ, ಬೇಗ ಮುಗಿಯುತ್ತವೆ. ದರಗು ಉರಿಯುತ್ತಲೇ ಗಾಳಿಗೆ ಹಾರುತ್ತದೆ. ನನ್ನ ಮಟ್ಟಿಗೆ ಹೆಚ್ಚು ಕಾಟ ಕೊಡುವುದು ಅಡಿಕೆ ಸಿಪ್ಪೆ ಮತ್ತು ತೆಂಗಿನ ನಾರಿನ ಪುಡಿ. ಜ್ವಾಲೆ ಕಾಣುವುದಿಲ್ಲ, ಒಳಗೊಳಗೇ ಗಂಟೆಗಟ್ಟಲೆ ಬೇಯುತ್ತಾ ಮುಂದೆ ಸರಿಯುತ್ತದೆ, ಗಾಳಿ ಸಿಕ್ಕಲ್ಲಿ ಎದ್ದು ಉರಿಯುತ್ತದೆ. ಅಲಂಕಾರಕ್ಕೆ ಮಾರುವ ರಬ್ಬರ್ ಚೂರುಗಳನ್ನು ಮನೆ ಹತ್ತಿರ ತರಲೇಬೇಡಿ. ಹೊತ್ತಿಕೊಂಡರೆ ಅದರಷ್ಟು ಬಿಸಿ, ಅದರಷ್ಟು ಕಪ್ಪು ಹೊಗೆ ಇನ್ಯಾವುದರಲ್ಲೂ ಇಲ್ಲ. ಅರೆ ಕಳಿತ ಗೊಬ್ಬರವೇ ಹತ್ತಿರಕ್ಕೆ ವಾಸಿ. ಆದ್ದರಿಂದ ದರಗನ್ನು ಮಳೆಗಾಲದಲ್ಲಿ ಸಗಣಿ ನೀರು ಹಾಕಿ ಕೊಳೆಸಿ, ಬೇಸಿಗೆಗೆ ಮೂರು ಇಂಚಿಗಿಂತ ದಪ್ಪವಾಗದಂತೆ ಹಾಕುತ್ತೇವೆ. ಹದಿನೈದು ಇಪ್ಪತ್ತು ಅಡಿಗೊಂದು ಕಡೆ ಮೂರು ಅಡಿ ಅಗಲದ ಬರಿ ನೆಲದ ಕಾಲುದಾರಿ ಬಿಟ್ಟಿದ್ದೇವೆ. ಸಂಜೆ ನೀರು ಚಿಮುಕಿಸಿದರಾಯಿತು ಎನ್ನುವ ಮಾತಿನಲ್ಲಿ ಹುರುಳಿಲ್ಲ. ಮಾರ್ಚ್ ಬಿಸಿಲಿಗೆ ಮರುದಿನ ಮಧ್ಯಾಹ್ನದೊಳಗೆ ಮೇಲ್ಪದರ ಗರಿಗರಿ.

ರಾಶಿ ಹಾಕಿದ ಹಸಿ ಸಿಪ್ಪೆ ಕೊಳೆಯುವಾಗ ತಾನಾಗಿಯೇ ಬಿಸಿಯಾಗುತ್ತದೆ. ರಾಶಿ ದೊಡ್ಡದಾಗಿದ್ದರೆ ಆ ಬಿಸಿ ಹೊರಹೋಗದೆ ಒಳಗೇ ಏರುತ್ತದೆ. ನಡುವಿಗೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿ ಹಿಡಿಯಲಾಗದಷ್ಟು ಸುಟ್ಟರೆ ರಾಶಿ ಬಿಡಿಸಿ ತೆಳ್ಳಗೆ ಹರಡಬೇಕು. ಬಿಡಿಸುವ ಮೊದಲು ಪೈಪು ಕೈಯಲ್ಲಿರಲಿ, ಒಳಗೆ ಗಾಳಿ ಹೋದ ಕೂಡಲೇ ಹತ್ತಿಕೊಳ್ಳಬಹುದು. ರಾಶಿಯ ಎತ್ತರ ನಾಲ್ಕು ಅಡಿ ದಾಟಿಸುವುದಿಲ್ಲ, ಮನೆ ಮತ್ತು ಕಟ್ಟಿಗೆ ಕೊಟ್ಟಿಗೆಯಿಂದ ಮೂವತ್ತು ಅಡಿ ದೂರವಿಡುತ್ತೇವೆ.

ಹೊಗೆ ಕಂಡರೆ ಮೇಲಿಂದ ನೀರು ಸುರಿದು ಬಂದುಬಿಡುವುದು ದೊಡ್ಡ ತಪ್ಪು. ಚೆನ್ನಾಗಿ ಒಣಗಿದ ಹೊದಿಕೆಯ ಮೇಲೆ ನೀರು ಜಾರಿ ಪಕ್ಕಕ್ಕೆ ಹೋಗುತ್ತದೆ, ಬುಡದ ಕಾವು ಹಾಗೇ ಇರುತ್ತದೆ. ಮೊದಲು ಸುತ್ತ ಎರಡು ಅಡಿ ಕೆರೆದು ನೆಲ ಕಾಣಿಸಬೇಕು. ಆಮೇಲೆ ಹಾರೆಯಿಂದ ಮಗುಚುತ್ತಾ ನೀರು ಹೊಯ್ಯಬೇಕು. ಬಕೆಟ್‌ಗೆ ಎರಡು ಚಮಚ ಸೋಪಿನ ಪುಡಿ ಕಲಕಿದರೆ ನೀರು ಒಳಗೆ ಇಳಿಯುತ್ತದೆ. ಕರೆಂಟ್ ಇಲ್ಲದಾಗ ಪಂಪು ನಡೆಯದಾದ್ದರಿಂದ 200 ಲೀಟರಿನ ಡ್ರಮ್ಮೊಂದನ್ನು ಯಾವಾಗಲೂ ತುಂಬಿಡುತ್ತೇವೆ. ಜ್ವಾಲೆ ಸೂರಿನತ್ತ ತಿರುಗಿದರೆ ಇದ್ಯಾವುದಕ್ಕೂ ಕೈಹಾಕದೆ ಎಲ್ಲರನ್ನೂ ಹೊರಗೆ ಕರೆದು 112ಕ್ಕೆ ಫೋನ್ ಮಾಡಿ. ಆರಿಸಿದ ಜಾಗವನ್ನು ರಾತ್ರಿ ಮಲಗುವ ಮುಂಚೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಕೆದಕಿ ನೋಡಬೇಕು. ಮಣ್ಣಿನ ಹತ್ತಿರ ಕೈ ತಂದಾಗ ಬೆಚ್ಚಗೆ ಅನಿಸಿದರೂ ಇನ್ನೊಂದು ಸಲ ಮಗುಚಿ ನೀರು ಹಾಕಿ.