ಹೊಳೆಯುವ ಕೆಟಲ್‌ಗೆ ಪೌಡರ್ ಹಚ್ಚಿದೆ, ಪ್ರಿಂಟ್ ಬಂತು

ಸ್ಟೀಲ್ ಕೆಟಲ್‌ನ ಫೋಟೋ ಸ್ಕ್ರೀನ್ ಪ್ರಿಂಟಿನಲ್ಲಿ (ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಇಂಕ್ ಇಳಿಸುವ ಅಚ್ಚಿನಲ್ಲಿ) ನಿಲ್ಲಲ್ಲ, ಕೈಯಲ್ಲೇ ಬರೆದುಕೋ ಅಂತ ಜೊತೆಯವರೆಲ್ಲ ಹೇಳಿದ್ದರು. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹೋಲ್ ಕೂಡ 1962ರ 32 ಸೂಪ್ ಡಬ್ಬಿಗಳನ್ನು ಕೈಯಲ್ಲೇ ಬರೆದದ್ದು ಅಲ್ವಾ ಅನ್ನುವುದು ಅವರ ವಾದ. ಅದೇ ವರ್ಷ ಆತ ಫೋಟೋ ಸ್ಕ್ರೀನಿಗೆ ಹೊರಳಿದ್ದನ್ನು ಮಾತ್ರ ಯಾರೂ ಹೇಳಲಿಲ್ಲ!

ಕಷ್ಟ ಇದ್ದದ್ದು ನಿಜ. ಹೊಳಪಿನ ಮೈಯಲ್ಲಿ ಕಿಟಕಿ, ಕ್ಯಾಮೆರಾ, ನನ್ನ ಮೂಗು ಎಲ್ಲಾ ಕಾಣುತ್ತವೆ. ಮೊದಲು ಹಾಫ್‌ಟೋನ್ (ಫೋಟೋವನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆಯುವ ಕ್ರಮ) ಹಿಡಿದೆ. 77 ಟಿ ಮೆಶ್ (ಸೆಂ.ಮೀ.ಗೆ 77 ಎಳೆಯ ಜಾಲರಿ), ಇಂಚಿಗೆ ಸುಮಾರು 45 ಸಾಲು ಚುಕ್ಕೆ. ನೆರಳಿನ ಕಡೆ ಚುಕ್ಕೆಗಳು ಕೂಡಿಕೊಂಡು ಕೆಸರಾದವು. ಚುಕ್ಕೆ ಸಾಲಿನ ಕೋನ ಬದಲಿಸಿದರೆ ಮೊಯಿರೆ, ಅಂದರೆ ಚುಕ್ಕೆಯೂ ಜಾಲರಿಯೂ ಸೇರಿ ಬೇಡದ ಅಲೆಅಲೆ ಗೆರೆ. ಪ್ರತಿ ಸಲ ಹೊಸ ಫಿಲ್ಮ್ (ಚಿತ್ರವನ್ನು ಸ್ಕ್ರೀನಿಗೆ ಇಳಿಸುವ ಪಾರದರ್ಶಕ ಹಾಳೆ). ಇಂಕಿನ ಎರಡು ಪಟ್ಟು ದುಡ್ಡು ಫಿಲ್ಮಿಗೇ ಹೋಗಿರಬೇಕು. 300 ಜಿಎಸ್‌ಎಂನ ದಪ್ಪ ಕಾಗದ ಕಟ್ಟುಗಟ್ಟಲೆ ಹಾಳಾಯಿತು, ಅದರ ಲೆಕ್ಕ ಬೇಡ.

ಆಮೇಲೆ ಹಾಫ್‌ಟೋನನ್ನೇ ಬಿಟ್ಟೆ. ಕೆಟಲ್ ಮೈಗೆ ಮುಖದ ಪೌಡರನ್ನು ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿದೆ. ಹೊಳಪು ಸತ್ತಿತು. ಪಕ್ಕದಿಂದ ಒಂದೇ ದೀಪ, ಮುಂದೆ ಪರದೆ ಗಿರದೆ ಏನೂ ಇಲ್ಲ. ಮಿಂಚು ಬೇಕಾದ ಜಾಗದಲ್ಲಷ್ಟೇ ಬೆರಳಿನಿಂದ ಒರೆಸಿದೆ. ಫೋಟೋವನ್ನು ಅಪ್ಪಟ ಕಪ್ಪು-ಬಿಳುಪಿಗೆ ಇಳಿಸಿದಾಗ ಹಿಡಿ, ಮೂತಿ, ಮುಚ್ಚಳ ಕಡೆದಿಟ್ಟ ಹಾಗೆ ನಿಂತವು. ಈಗ ಪೌಡರಿಗೆ ಇನ್ನೊಂದು ಪುಡಿ ಬೆರೆಸುತ್ತೇನೆ. ಅದು ಯಾವುದು ಅಂತ ಕೇಳಬೇಡಿ.

ಬಣ್ಣಗಳಿಗೆ ಫಿಲ್ಮ್ ಬೇಡವೇ ಬೇಡ. ತೆಳು ಕಾಗದ ಕತ್ತರಿಸಿ ಸ್ಕ್ರೀನಿನ ಅಡಿಗೆ ಇಟ್ಟು ಒಮ್ಮೆ ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಎಳೆದರೆ ಇಂಕೇ ಅದನ್ನು ಅಂಟಿಸಿಕೊಳ್ಳುತ್ತದೆ. ನೀರಿನ ಇಂಕಿನಲ್ಲಿ ಮೂವತ್ತು ಪ್ರಿಂಟ್‌ವರೆಗೆ ತಡೆಯುತ್ತದೆ, ಆಮೇಲೆ ಅಂಚು ನೆನೆದು ಜಾರುತ್ತದೆ. ಮೊದಲು ಹಳದಿ, ಮೇಲೆ ಗುಲಾಬಿ, ಕೊನೆಗೆ ಕಪ್ಪು. ಕಪ್ಪನ್ನು ಬೇಕಂತಲೇ 2-3 ಮಿ.ಮೀ. ಸರಿಸುತ್ತೇನೆ. ರಿಜಿಸ್ಟ್ರೇಷನ್ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದು) ತಪ್ಪಿದೆ ಅಂತ ಬೆರಳು ತೋರಿಸಿದವರೂ ಇದ್ದಾರೆ. ಕೂಡಿಸಿ ತೆಗೆದ ಪ್ರಿಂಟನ್ನೂ ಪಕ್ಕದಲ್ಲಿಟ್ಟು ತೋರಿಸಿದೆ, ಸಪ್ಪೆ!

ಈ ನಡುವೆ ಸುಮ್ನೆ ಬೇರೆ ಸಾಮಾನುಗಳನ್ನೂ ನೋಡಿದೆ. ಟೂತ್‌ಬ್ರಷ್ ಕೈಕೊಟ್ಟಿತು, ಎಳೆಗಳೆಲ್ಲ ಒಂದೇ ಮುದ್ದೆ. ಪೊರಕೆಯೂ ಅಷ್ಟೇ. ಆದರೆ ಕ್ಯಾರೆಟ್ ತುರಿಯುವ ಸ್ಟೀಲ್ ತುರಿಮಣೆ! ಹಿಂದಿನಿಂದ ದೀಪ ಬಿಟ್ಟರೆ ತೂತುಗಳೇ ಕಾಮಿಕ್ಸಿನ ಚುಕ್ಕೆಗಳಾಗುತ್ತವೆ, ಕಂಪ್ಯೂಟರ್ ಕೆಲಸವೇ ಇಲ್ಲ. ಅಡಿಯಲ್ಲಿ ಗುಲಾಬಿ ಹಾಕಿ ಇಪ್ಪತ್ತೈದರಷ್ಟು ತೆಗೆದೆ. ಕೆಟಲ್‌ಗಿಂತ ಮೊದಲು ಅದೇ ಮಾರಾಟವಾಗಿ ಖಾಲಿಯಾಯಿತು. ಹಾಳಾದ ಫಿಲ್ಮಿನ ದುಡ್ಡು ಹುಟ್ಟಿದ್ದೂ ಅದರಲ್ಲೇ.